ಕೈಗೆ ಮೆತ್ತದ ಮಣ್ಣು

ಜೇಡಿಮಣ್ಣಿನಲ್ಲಿ ಮೂರ್ತಿ ಮಾಡುವವರಿಗೆ ಹದ ತಿಳಿಯುವುದು ಬೆರಳಿನಿಂದ. ಕಂಪ್ಯೂಟರಿನೊಳಗಿನ ಮಣ್ಣಿಗೆ ಹದವಿಲ್ಲ, ತೂಕವಿಲ್ಲ, ಒಣಗಿ ಬಿರುಕು ಬಿಡುವ ಭಯವೂ ಇಲ್ಲ. ಮುಟ್ಟಲು ಬಾರದ ಈ ಮಣ್ಣನ್ನು ಮಿದಿಯುವುದು ಹೇಗೆ? ಡಿಜಿಟಲ್ ಸ್ಕಲ್ಪ್ಟಿಂಗ್ ಎಂಬ ಕಸುಬು ಆ ತೊಡಕಿನಿಂದಲೇ ಬೆಳೆದದ್ದು.

1991ರಲ್ಲಿ ಗ್ಯಾಲಿಯನ್ ಮತ್ತು ಹ್ಯೂಸ್ ಎಂಬ ಸಂಶೋಧಕರು ಜಾಗವನ್ನೇ ಸಣ್ಣ ಸಣ್ಣ ಘನಗಳಾಗಿ ಹೋಳು ಮಾಡಿ, ಯಾವುದರಲ್ಲಿ ಎಷ್ಟು ಮಣ್ಣಿದೆ ಎಂದು ಲೆಕ್ಕವಿಟ್ಟರು. ಉಪಕರಣ ಆಡಿಸಿದಲ್ಲಿ ಲೆಕ್ಕ ಬದಲಾಗುತ್ತದೆ, ಆಕಾರವೂ ಬದಲಾಗುತ್ತದೆ. ಆದರೆ ಬೆರಳಿಗೆ ಏನೂ ಗೊತ್ತಾಗುವುದಿಲ್ಲ.

ಆ ಕೊರತೆ ನೀಗಿಸಲು ಹೊರಟವರು ಎಂಐಟಿಯ ವಿದ್ಯಾರ್ಥಿ ಥಾಮಸ್ ಮಾಸಿ ಮತ್ತು ಅವರ ಗುರು ಕೆನೆತ್ ಸಾಲಿಸ್‌ಬರಿ. 1993ರ ಹೊತ್ತಿಗೆ ಅವರು ಮಾಡಿದ ಫ್ಯಾಂಟಮ್ ಒಂದು ಯಂತ್ರತೋಳು. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವಂಥ ಟೋಪಿ ಅದರ ತುದಿಯಲ್ಲಿತ್ತು. ಪರದೆಯ ಮಣ್ಣಿಗೆ ಬೆರಳು ತಾಗಿದೊಡನೆ ಮೋಟಾರುಗಳು ಎದುರು ತಳ್ಳುತ್ತಿದ್ದವು. ಕಣ್ಣಿಗೆ ಸೆಕೆಂಡಿಗೆ ಮೂವತ್ತು ಚಿತ್ರ ಸಾಕು. ಬೆರಳಿಗೆ ಮೋಸ ಮಾಡಬೇಕಾದರೆ ಸುಮಾರು 1,000 ಸಲ ಲೆಕ್ಕ ಹಾಕಬೇಕು. ಈ ಫ್ಯಾಂಟಮನ್ನೇ ನೆಚ್ಚಿ ಮಾಸಿಯವರ ಸೆನ್ಸೇಬಲ್ ಕಂಪನಿ ಫ್ರೀಫಾರ್ಮ್ ಎಂಬ ತಂತ್ರಾಂಶ ತಂದಿತು.

ಇಷ್ಟೆಲ್ಲ ಆಗಿಯೂ ಗೆದ್ದದ್ದು ಸ್ಪರ್ಶವಿಲ್ಲದ ಮಣ್ಣೇ! 1999ರಲ್ಲಿ ಪಿಕ್ಸೊಲಾಜಿಕ್ ಕಂಪನಿ ತೋರಿಸಿದ ಜಿಬ್ರಷ್ ಎಂಬ ತಂತ್ರಾಂಶಕ್ಕೆ ಪೆನ್ ಟ್ಯಾಬ್ಲೆಟ್ ಸಾಕಿತ್ತು. ಪೆನ್ನು ಒತ್ತಡವನ್ನು ತೆಗೆದುಕೊಳ್ಳುತ್ತದೆ, ತಿರುಗಿ ಕೊಡುವುದಿಲ್ಲ. ಆದರೂ ಪರದೆಯ ಮೂರ್ತಿಯ ಕೆನ್ನೆ ಒತ್ತಿದಲ್ಲಿ ನೆರಳು ಕದಲಿದರೆ ಕೈ ನಂಬಿಬಿಡುತ್ತದೆ. ಫ್ಯಾಂಟಮ್ ದುಬಾರಿ ಎಂಬುದು ಒಂದು ಕಾರಣ; ಕಣ್ಣಿನ ಈ ಚಾಲಾಕಿತನ ಅದಕ್ಕಿಂತ ದೊಡ್ಡ ಕಾರಣ ಎಂದು ನನ್ನ ಎಣಿಕೆ. ಜಿಬ್ರಷ್‌ಗೆ ಪೈಪೋಟಿ ಕೊಟ್ಟ ಮಡ್‌ಬಾಕ್ಸ್ 2005ರ 'ಕಿಂಗ್ ಕಾಂಗ್' ಚಿತ್ರಕ್ಕೆ ದುಡಿದ ವೀಟಾ ಸ್ಟುಡಿಯೊದ ಕಲಾವಿದರಿಂದ ಬಂತು.

ನಿಜವಾದ ಮಣ್ಣಿನಲ್ಲಿಲ್ಲದ ಸವಲತ್ತುಗಳೂ ಇಲ್ಲಿವೆ: ಒಂದು ಕಿವಿ ತಿದ್ದಿದರೆ ಇನ್ನೊಂದು ತಾನಾಗಿ ತಿದ್ದಿಕೊಳ್ಳುತ್ತದೆ, ಕೆಟ್ಟರೆ ಹಿಂದಿನ ಹೆಜ್ಜೆಗೆ ಹೋಗಬಹುದು. ಹೊಸಬರು ಎಡವುವುದೂ ಇಂಥ ಸಲೀಸಿನಲ್ಲೇ. ತಲೆಬುರುಡೆ ಇನ್ನೂ ಆಲೂಗಡ್ಡೆಯಂತಿರುವಾಗ ಲಕ್ಷಾಂತರ ತುಣುಕುಗಳಾಗಿ ಮೇಲ್ಮೈ ಒಡೆದು ಚರ್ಮದ ಸುಕ್ಕು ಕೆತ್ತುತ್ತ ಕೂರುತ್ತಾರೆ.

ಕಲಿಯಬೇಕೆನ್ನುವವರಿಗೆ ಬ್ಲೆಂಡರ್ ಎಂಬ ತಂತ್ರಾಂಶ ಇದೆ. ಅದು ಉಚಿತ, 2007ರಿಂದ ಅದರಲ್ಲಿ ಈ ಕೆಲಸಕ್ಕೆಂದೇ ಸ್ಕಲ್ಪ್ಟ್ ಮೋಡ್ ಇದೆ. ಮೌಸ್‌ನಲ್ಲೂ ಮಾಡಬಹುದು, ಆದರೆ ಅದಕ್ಕೆ ಒತ್ತಡ ತಿಳಿಯದು. ಒಂದು ಸಣ್ಣ ಪೆನ್ ಟ್ಯಾಬ್ಲೆಟ್ ಕೊಂಡೇ ಶುರು ಮಾಡಿ.