ಜೈಲು ಸಿಬ್ಬಂದಿಯ ಮನೋಬಲ: ಆಘಾತದ ನಂತರ

ಜೈಲು ಸಿಬ್ಬಂದಿಗೆ ಆಘಾತವಾಗುವುದು ಹೊಡೆತ ತಿಂದಾಗ ಮಾತ್ರವಲ್ಲ. ಬ್ಯಾರಕ್ಕಿನಲ್ಲಿ ಬಂದಿಯೊಬ್ಬ ಜೀವ ಕಳೆದುಕೊಂಡರೆ ಮೊದಲು ಓಡುವವರು ವಾರ್ಡರ್‌ಗಳು. ಗುಂಪುಗಳು ಬಡಿದಾಡಿಕೊಂಡರೆ ನಡುವೆ ನುಗ್ಗಿ ಬಿಡಿಸುವವರೂ ಅವರೇ. ಶಿವಮೊಗ್ಗದ ಸೋಗಾನೆಯ ಕೇಂದ್ರ ಕಾರಾಗೃಹದಲ್ಲಾಗಲಿ, ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಾಗಲಿ ಈ ಕೆಲಸ ಒಂದೇ ಬಗೆಯದು. ಪೊಲೀಸರು ಘಟನೆಯ ಜಾಗ ಬಿಟ್ಟು ಠಾಣೆಗೆ ಮರಳುತ್ತಾರೆ. ವಾರ್ಡರ್ ಮಾತ್ರ ಮರುದಿನವೂ ಅದೇ ಬ್ಯಾರಕ್ಕಿನ ಬೀಗ ತೆಗೆಯಬೇಕು. 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆನ್ನುತ್ತದೆ. ಜೈಲು ಕಿಕ್ಕಿರಿದು ಹುದ್ದೆಗಳು ಖಾಲಿ ಬಿದ್ದಾಗ ಈ ಲೆಕ್ಕ ತಪ್ಪುತ್ತದೆ. ಆಗ ಸಿಬ್ಬಂದಿಗೆ ಮೊದಲು ಕೈತಪ್ಪುವುದು ರಜೆ ಮತ್ತು ನಿದ್ದೆ.

ಇಂಥ ಆಘಾತದ ನಂತರ ಮನಸ್ಸು ಬೆಳೆಯಲೂಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್ಹೌನ್ ಆಘಾತೋತ್ತರ ಬೆಳವಣಿಗೆಯನ್ನು ಅಳೆಯಲು 1996ರಲ್ಲಿ 21 ಅಂಶಗಳ ಮಾಪಕವೊಂದನ್ನು ಪ್ರಕಟಿಸಿದರು. ಅದು ನೋಡುವುದು ಐದು ಸಂಗತಿಗಳನ್ನು: ಇತರರೊಡನೆ ಬಾಂಧವ್ಯ, ಹೊಸ ಸಾಧ್ಯತೆ, ಸ್ವಂತ ಶಕ್ತಿಯ ಅರಿವು, ಆಧ್ಯಾತ್ಮಿಕ ಬದಲಾವಣೆ, ಬದುಕಿನ ಬೆಲೆ. ಮನೋಬಲ ಬೇರೆ, ಬೆಳವಣಿಗೆ ಬೇರೆ. ಪೆಟ್ಟು ಬಿದ್ದರೂ ನೆಲೆ ತಪ್ಪದಿರುವುದು ಮನೋಬಲ. ನಂಬಿಕೆಗಳೇ ಅಲುಗಿದ ಮೇಲೆ ಅವನ್ನು ಹೊಸದಾಗಿ ಕಟ್ಟಿಕೊಳ್ಳುವುದು ಬೆಳವಣಿಗೆ. ಇದರಿಂದ ನೋವು ಅಳಿಯುವುದಿಲ್ಲ. ನೋವು, ಬೆಳವಣಿಗೆ ಎರಡೂ ಒಟ್ಟಿಗೇ ಇರಬಲ್ಲವು. ಬೇಡವೆಂದರೂ ನುಗ್ಗಿಬರುವ ನೆನಪು ನಿಧಾನಕ್ಕೆ ಉದ್ದೇಶಪೂರ್ವಕ ಚಿಂತನೆಯಾಗಬೇಕು. ಅದಕ್ಕೆ ಕೇಳಿಸಿಕೊಳ್ಳುವವರು ಬೇಕು.

ಜೈಲಿನಲ್ಲಿ ತೊಡಕಾಗುವುದು ಇಲ್ಲಿಯೇ. ಬಂದಿ ಸತ್ತರೆ 24 ಗಂಟೆಗಳೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಬಂದಿಗಳ ರಕ್ಷಣೆಗೆ ಇದು ಅತ್ಯಗತ್ಯ. ಆದರೆ ದೇಹವನ್ನು ಮೊದಲು ಕಂಡ ವಾರ್ಡರ್ ದುಃಖಿಸುವ ಮುಂಚೆಯೇ ಸಾಕ್ಷಿಯಾಗುತ್ತಾರೆ, ಕೆಲವೊಮ್ಮೆ ಆರೋಪಿಯೂ. 2013ರಲ್ಲಿ ಸರಣಿ ಕೊಲೆಗಾರ ಜೈಶಂಕರ್ ಪರಪ್ಪನ ಅಗ್ರಹಾರದಿಂದ ತಪ್ಪಿಸಿಕೊಂಡಾಗ ಸಿಬ್ಬಂದಿ ಅಮಾನತಾದರು. ಹೊಣೆ ನಿಗದಿಯಾಗಲೇಬೇಕು, ಆದರೆ ಆಡಿದ ಮಾತು ಕಡತ ಸೇರುತ್ತದೆಂಬ ಭಯವಿದ್ದಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ವಿಚಾರಣೆಯೇ ಬೇರೆ, ಆಪ್ತಸಮಾಲೋಚನೆಯೇ ಬೇರೆ ಎಂಬುದನ್ನು ಇಲಾಖೆ ಸ್ಪಷ್ಟಪಡಿಸದಿದ್ದರೆ ಉಳಿದ ಕ್ರಮಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಘಟನೆಯಾದ ಕೂಡಲೇ ಒಬ್ಬೊಬ್ಬರನ್ನೂ ಒಮ್ಮೆ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2002ರ ಕಾಕ್ರೇನ್ ವಿಮರ್ಶೆ ಅದರಿಂದ ಆಘಾತೋತ್ತರ ಕಾಯಿಲೆ ತಪ್ಪುತ್ತದೆಂಬುದಕ್ಕೆ ಆಧಾರ ಕಾಣಲಿಲ್ಲ. ಕೆಲವರಿಗೆ ಕೆಡುಕಾಗುವ ಸಾಧ್ಯತೆಯನ್ನೂ ಸೂಚಿಸಿತು. ಮೊದಲು ಬೇಕಾದದ್ದು ವಿಶ್ರಾಂತಿ, ಪಾಳಿ ಬದಲಾವಣೆ, ಮನೆಯವರಿಗೆ ಸುದ್ದಿ, ಪಕ್ಕದಲ್ಲೊಬ್ಬ ಹಿರಿಯ ಸಹೋದ್ಯೋಗಿ. ಮಾತು ಅವರಿಗೆ ಬೇಕೆನಿಸಿದಾಗ ಆಗಲಿ.

ಬೆಳವಣಿಗೆಗೆ ಕೆಲಸದಲ್ಲೇ ಅರ್ಥ ಸಿಗುವುದೂ ಒಂದು ದಾರಿ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಕರ್ನಾಟಕದ ಜೈಲುಗಳಲ್ಲಿ ಬಂದಿಗಳಿಂದ ನಾಟಕ ಆಡಿಸಿದರು. ನಿತ್ಯ ಎಣಿಸಿ ಬೀಗ ಹಾಕುವ ಮನುಷ್ಯನೇ ಪಾತ್ರಧಾರಿಯಾಗಿ ಎದುರು ನಿಂತಾಗ ಕಾಯುವವರಿಗೂ ತಮ್ಮ ಕೆಲಸದಲ್ಲಿ ಸುಧಾರಣೆಯ ಮುಖ ಕಾಣಬಹುದು.

ನಿಮ್ಹಾನ್ಸ್ 2011ರಲ್ಲಿ ಪ್ರಕಟಿಸಿದ ಬೆಂಗಳೂರು ಜೈಲಿನ ಮಾನಸಿಕ ಆರೋಗ್ಯ ಅಧ್ಯಯನದ ಕೇಂದ್ರದಲ್ಲಿದ್ದವರು ಬಂದಿಗಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಮೂ ಬಂದಿಗಳ ಕುರಿತೇ ಇದೆ. ಅವರನ್ನು ಕಾಯುವವರಿಗೂ ಅಷ್ಟೇ ಶ್ರದ್ಧೆ ಸಲ್ಲಬೇಕು. ಸದ್ಯಕ್ಕೆ ಇಲಾಖೆಯ ಹೊರಗಿನ ನೆರವು ಬಯಸುವ ಸಿಬ್ಬಂದಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಬಹುದು: ಸಂಖ್ಯೆ 14416, ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೂ ಲಭ್ಯ.