ಕಡಲಿಗೆ ಕದವಿಟ್ಟ ಊರು

ನಮ್ಮ ನಾಡಿನ ಕೆರೆಯೊಂದನ್ನು ನೆನೆಯಿರಿ. ಏರಿ ನೀರನ್ನು ಒಳಗೆ ಹಿಡಿದು ನಿಲ್ಲಿಸುತ್ತದೆ. ತೂಬನ್ನು ಎತ್ತಿದರೆ ನೀರು ಹೊರಗಿನ ಗದ್ದೆಗೆ ಹರಿಯುತ್ತದೆ. ಈಗ ಇದೇ ಚಿತ್ರವನ್ನು ಒಳಹೊರಗು ಮಾಡಿ ನೋಡಿ. ಏರಿಯ ಹೊರಗೆ ಕಡಲು. ಒಳಗೆ, ಉಬ್ಬರದ ಕಡಲಿಗಿಂತ ತಗ್ಗಿನಲ್ಲಿ, ಹೊಲ, ಹುಲ್ಲುಗಾವಲು, ಮನೆಮಠ. ತೂಬಿನ ಕೆಲಸವೆಂದರೆ ಹೊಲದ ನೀರನ್ನು ಕಡಲಿಗೆ ಬಿಡುವುದು, ಕಡಲನ್ನು ಹೊಲಕ್ಕೆ ಬಿಡದಿರುವುದು. ಇಷ್ಟು ಮನಸ್ಸಿಗೆ ಬಂದಿತೆಂದರೆ ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲೆಂಡ್ ಸೀಮೆಯನ್ನು ನೀವು ಅರ್ಧ ಕಂಡಂತೆಯೇ. ಉಳಿದರ್ಧವನ್ನು ಕಾಣಲು ಅಲ್ಲಿನ ಬೆಸ್ತರ ಹಳ್ಳಿಯಾದ ಗ್ರೇಟ್‌ಸೀಲಿಗೆ ಹೋಗೋಣ.

ಹೆಸರಿನ ಮೊದಲ ಭಾಗವನ್ನು ಕೇಳಿ ಇಂಗ್ಲಿಷಿನ ‘ಗ್ರೇಟ್’ ಎಂದು ಭ್ರಮಿಸಬೇಡಿ, ಅದು ಬೇರೆ. ನಮಗೆ ಬೇಕಾದುದು ‘ಸೀಲ್’ ಎಂಬ ಬಾಲ. ಅದಕ್ಕೆ ಸರಿಯಾದ ಕನ್ನಡ ತೂಬು ಎಂದೇ. ಆ ಕರಾವಳಿಯುದ್ದಕ್ಕೂ ಬೆನ್ಸರ್‌ಸೀಲ್, ಕರೋಲಿನೆನ್‌ಸೀಲ್ ಎಂದು ತೂಬಿನ ಊರುಗಳು ಸಾಲುಗಟ್ಟಿವೆ. ನಮ್ಮಲ್ಲಿ ಕೆರೆ, ಕಟ್ಟೆ, ಹಳ್ಳಗಳು ಊರಿನ ಹೆಸರಿನಲ್ಲಿ ನಿಂತಂತೆ ಅಲ್ಲಿ ತೂಬು ನಿಂತಿದೆ. ಯಾವ ವಸ್ತುವಿನಿಂದ ಜನರ ಜೀವ ಉಳಿದಿದೆಯೋ ಅದರ ಹೆಸರನ್ನು ಊರಿಗೆ ಇಡುವುದು ಎಲ್ಲ ಕಡೆಯ ವಾಡಿಕೆ ಎಂದು ತೋರುತ್ತದೆ.

ಎಮ್ಡೆನ್ ಪಟ್ಟಣದವರೆಗೆ ರೈಲು ಉಂಟು. ಅಲ್ಲಿಂದ ಮುಂದೆ ಇಪ್ಪತ್ತು ಕಿಲೋಮೀಟರಿನಷ್ಟು ರಸ್ತೆಯ ದಾರಿ. ನೆಲ ಅಂಗೈಯಂತೆ ಸಮ. ಗುಡ್ಡವೆಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಕಡಲ ತೀರಕ್ಕೆ ಬಂದೆವೆಂದರೂ ಕಡಲು ಕಾಣುವುದಿಲ್ಲ. ಕಾಣುವುದು ಹುಲ್ಲು ಹೊದ್ದ ಉದ್ದನೆಯ ಏರಿ, ಅದರ ಮೇಲೆ ಮೇಯುವ ಕುರಿಗಳು. ಕುರಿಗಳನ್ನು ಅಲ್ಲಿ ಅಂದಕ್ಕೆಂದು ಬಿಟ್ಟಿಲ್ಲ. ಅವು ಹುಲ್ಲನ್ನು ಗಿಡ್ಡವಾಗಿ ಮೇಯುತ್ತವೆ, ಬೇರು ದಟ್ಟವಾಗುತ್ತದೆ. ಸಣ್ಣ ಗೊರಸಿನಿಂದ ಮಣ್ಣನ್ನು ತುಳಿದು ಗಟ್ಟಿಮಾಡುತ್ತವೆ. ದನಗಳಾದರೆ ಭಾರಕ್ಕೆ ಏರಿಯೇ ಕುಸಿದೀತು. ಏರಿಯ ಹೊಟ್ಟೆಯಲ್ಲಿ ಮರಳು, ಮೇಲೆ ದಪ್ಪನಾದ ಜೇಡಿಮಣ್ಣಿನ ಹೊದಿಕೆ. ಕಡಲ ಕಡೆಯ ಇಳಿಜಾರು ಬಹಳ ನಿಧಾನವಾದುದು. ಅಲೆ ಅದರ ಮೇಲೆ ಓಡಿ ಓಡಿ ದಣಿಯಲಿ, ಗೋಡೆಗೆ ಗುದ್ದಿದಂತೆ ಗುದ್ದದಿರಲಿ ಎಂಬುದು ಲೆಕ್ಕಾಚಾರ.

ಏರಿ ಹತ್ತಿ ನೋಡಿದಾಗಲೂ ನೀರು ಕಾಣದೆ ಹೋಗಬಹುದು. ಉತ್ತರ ಸಮುದ್ರ ದಿನಕ್ಕೆರಡು ಬಾರಿ ಹಿಂದೆ ಸರಿದು ಕೆಸರಿನ ಬಯಲನ್ನು ತೆರೆದಿಡುತ್ತದೆ. ‘ವಾಟ್’ ಎಂದು ಕರೆಯುವ ಈ ಬಯಲು ಹಾಲೆಂಡಿನಿಂದ ಡೆನ್ಮಾರ್ಕಿನವರೆಗೆ ಹಬ್ಬಿದೆ; 2009ರಲ್ಲಿ ಯುನೆಸ್ಕೊ ಇದರ ಬಹುಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಏರಿಗಳಿಲ್ಲದ ಕಾಲದಲ್ಲಿ ಜನ ಮಣ್ಣನ್ನು ಗುಡ್ಡೆಹಾಕಿ, ಆ ದಿಬ್ಬದ ಮೇಲೆ ಮನೆ ಕಟ್ಟಿಕೊಂಡಿದ್ದರು. ರೋಮಿನ ಪ್ಲಿನಿ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ಇವರನ್ನು ಕಂಡು ಮರುಗಿ ಬರೆದಿದ್ದಾನೆ. ಗ್ರೇಟ್‌ಸೀಲಿಗೆ ದೂರವಲ್ಲದ ರೀಸಮ್ ಎಂಬ ಊರು ಇಂದಿಗೂ ಅಂತಹ ದಿಬ್ಬದ ಮೇಲೆ ದುಂಡಗೆ ಕುಳಿತಿದೆ. ಸಂಗೀತ ಬಲ್ಲವರು ಅಲ್ಲಿ ಒಂದು ಗಳಿಗೆ ನಿಲ್ಲಬೇಕು: ಅಲ್ಲಿನ ಚರ್ಚಿನ ಆರ್ಗನ್ ಹದಿನೈದನೆಯ ಶತಮಾನದ್ದು, ಇಂದಿಗೂ ನುಡಿಯುತ್ತದೆ.

ಸುಮಾರು ಸಾವಿರ ವರ್ಷಗಳ ಹಿಂದೆ ಏರಿ ಕಟ್ಟುವ ಕೆಲಸ ಮೊದಲಾಯಿತು. ಆಗ ಹುಟ್ಟಿದ ನ್ಯಾಯ ಬಲು ಕಠಿನವಾದುದು. ಏರಿಯ ಒಂದೊಂದು ತುಂಡನ್ನೂ ಒಬ್ಬೊಬ್ಬ ರೈತ ನೋಡಿಕೊಳ್ಳಬೇಕು. ನೋಡಿಕೊಳ್ಳುವ ಶಕ್ತಿ ಇಲ್ಲವಾದರೆ ತನ್ನ ಸಲಿಕೆಯನ್ನು ಏರಿಯಲ್ಲಿ ನೆಟ್ಟು ಹೊರಟುಹೋಗಬೇಕು. ಯಾರು ಆ ಸಲಿಕೆಯನ್ನು ಕೀಳುವರೋ ಅವರಿಗೆ ಹೊಲವೂ ಸೇರಿತು, ಏರಿಯ ಹೊರೆಯೂ ಸೇರಿತು. ಏರಿ ಕಟ್ಟಲೊಲ್ಲದವನು ಊರು ಬಿಡಲಿ ಎಂದು ಅಲ್ಲಿ ಗಾದೆಯೇ ಇದೆ. ಕ್ರೂರವೆನ್ನಿಸಿದರೆ ಹೀಗೆ ಯೋಚಿಸಿ: ಒಬ್ಬನ ಪಾಲಿನ ಹತ್ತು ಮಾರು ಒಡೆದರೆ ಮುಳುಗುವುದು ಅವನೊಬ್ಬನ ಹೊಲವಲ್ಲ. 1717ರ ಕ್ರಿಸ್ಮಸ್ ರಾತ್ರಿಯ ಬಿರುಗಾಳಿಗೆ ಈ ಕರಾವಳಿಯುದ್ದಕ್ಕೂ ಏರಿಗಳು ಒಡೆದು ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಏರಿ ನಿಲ್ಲಬೇಕಾದರೆ ಜೀವವಿರುವುದೇನನ್ನಾದರೂ ಅದರಲ್ಲಿ ಹೂಳಬೇಕೆಂಬ ನಂಬಿಕೆ ಆ ಕಡಲ ತೀರದಲ್ಲಿಯೂ ಇದ್ದಿತು. ಥಿಯೋಡೋರ್ ಸ್ಟಾರ್ಮ್ 1888ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಅದು ಬರುತ್ತದೆ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ತೂಬಿನ ಮಾತು. ಕಟ್ಟಿದ ಏರಿಗೆ ಒಂದು ಬಾಗಿಲು ಬೇಕೇ ಬೇಕು. ಇಲ್ಲದಿದ್ದರೆ ಒಳಗೆ ಬಿದ್ದ ಮಳೆಯ ನೀರಿನಲ್ಲಿಯೇ ಊರು ಮುಳುಗೀತು. ಹಳೆಯ ತೂಬಿನ ಜೋಡಿ ಕದಗಳು ಕಡಲ ಕಡೆಗೆ ಮೂತಿ ಮಾಡಿ ಕೂಡುತ್ತವೆ. ಉಬ್ಬರದ ನೀರು ಬಂದು ಒತ್ತಿದರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇಳಿತವಾದೊಡನೆ ಒಳಗಿನ ನೀರು ಮೇಲಾಗಿ, ತಳ್ಳಿ ತೆರೆಯುತ್ತದೆ. ಕಾವಲುಗಾರನೇ ಬೇಡ. ಕುಮಟೆಯ ಕಡೆ ಅಘನಾಶಿನಿಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಉಪ್ಪುನೀರನ್ನು ತಡೆಯುವ ಈ ಯುಕ್ತಿ ತೀರ ಹೊಸದಲ್ಲ. ಈಗ ಅಲ್ಲಿ ದೊಡ್ಡ ಪಂಪುಗಳೂ ಈ ಕೆಲಸಕ್ಕೆ ನಿಂತಿವೆ.

ಬೆಸ್ತರಿಗೂ ತೂಬಿಗೂ ಏನು ನಂಟು ಎನ್ನುವಿರಾ? ತೂಬಿನಿಂದ ರಭಸವಾಗಿ ಹೊರಬೀಳುವ ನೀರು ಕೆಸರನ್ನು ಕೊರೆದು ಕಾಲುವೆ ಮಾಡುತ್ತದೆ. ದೋಣಿಗೆ ಬೇಕಾದ ಆಳ ಸಿಕ್ಕುವುದು ಅಲ್ಲಿಯೇ. ಆದ್ದರಿಂದಲೇ ರೈತನ ತೂಬು ಬೆಸ್ತನ ಬಂದರೂ ಆಯಿತು. ಗ್ರೇಟ್‌ಸೀಲಿನ ಹೆಸರು 1388ರ ದಾಖಲೆಯಲ್ಲಿ ಕಾಣುತ್ತದೆ. ಆರು ಶತಮಾನಗಳಿಗೂ ಮೀರಿದ ಸಂಸಾರ ಇದು. ಆದರೆ ಸಂಸಾರದಲ್ಲಿ ಜಗಳವಿಲ್ಲದಿಲ್ಲ. ಊರಿನ ಮುಂದಿರುವ ಲೈ ಕೊಲ್ಲಿ ವರ್ಷ ವರ್ಷವೂ ಹೂಳು ತುಂಬಿಕೊಳ್ಳುತ್ತಿತ್ತು. ರೈತರು ಹೂಳಿನ ಮೇಲೆ ಹೊಸ ಏರಿ ಹಾಕಿ ಹೊಲ ಮಾಡಿಕೊಳ್ಳುತ್ತ ಬಂದರು. 1950ರಲ್ಲಿಯೂ ಒಂದು ಭಾಗ ಹಾಗೆ ಸೇರಿತು. ರೈತನಿಗೆ ಹೂಳು ಹೊನ್ನು, ಬೆಸ್ತನಿಗೆ ಬಂದರಿನ ಸಾವು.

ಹಳೆಯ ಏರಿಗಳ ಎತ್ತರ ಸಾಲದೆಂದು ಕಂಡಮೇಲೆ ಇಡೀ ಕೊಲ್ಲಿಯನ್ನೇ ಏರಿಹಾಕಿ ಮುಚ್ಚಿಬಿಡುವ ಯೋಜನೆ ಹೊರಟಿತು. ಆಗ ಮೂರನೆಯ ವಾದಿಗಳು ಬಂದರು: ಹಕ್ಕಿಗಳು. ಅಂದರೆ ಹಕ್ಕಿಗಳ ಪರವಾಗಿ ನಿಂತವರು. ಕೊಲ್ಲಿಯ ಉಪ್ಪುಹುಲ್ಲಿನ ಬಯಲು ಮೇಲಕ್ಕೆ ಬಾಗಿದ ಕೊಕ್ಕಿನ ಅವೊಸೆಟ್ ಹಕ್ಕಿಗೂ ಚಳಿಗಾಲದ ಬಾತುಗಳಿಗೂ ನೆಲೆ. ಕಡೆಗೆ ಕೊಲ್ಲಿಯನ್ನು ತೆರೆದೇ ಬಿಟ್ಟು, ಮೂಗಿನಂತೆ ಕಡಲಿಗೆ ಚಾಚಿದ ಏರಿಯೊಂದನ್ನು ಕಟ್ಟುವುದೆಂದಾಯಿತು. ಅದೇ ಲೈಹೋರ್ನ್. ಮೂಗಿನ ಒಳಗೆ ನೀರಿನ ಸಂಗ್ರಹ, ದೋಣಿಗೊಂದು ಕಾಲುವೆ. ತುದಿಯಲ್ಲಿ ತೂಬು ಮತ್ತು ದೋಣಿಗಳನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಜೋಡಿಬಾಗಿಲಿನ ಕೋಣೆ. ಇದಕ್ಕೂ ಒಂದಷ್ಟು ಬಯಲು ಹೋಗುತ್ತದಲ್ಲ ಎಂದು ಯುರೋಪಿಯನ್ ಕಮಿಷನ್ ಜರ್ಮನಿಯ ಮೇಲೆ ದಾವೆ ಹೂಡಿತು. 1991ರ ಫೆಬ್ರವರಿಯಲ್ಲಿ ಲಕ್ಸೆಂಬರ್ಗಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಪ್ರವಾಹದ ಭಯವಿದ್ದರೆ ಹಕ್ಕಿಗಳ ನೆಲೆಯನ್ನು ಎಷ್ಟು ಅನಿವಾರ್ಯವೋ ಅಷ್ಟು ಮಾತ್ರ ಕುಗ್ಗಿಸಬಹುದು; ಬರಿಯ ಹಣದ ಹಿತ ಅದಕ್ಕೆ ಕಾರಣವಾಗಲಾರದು. ಬೆಸ್ತರ ದೋಣಿಗೆ ದಾರಿ ಬಿಡುವುದು ಹಣದ ಹಿತವೇ ಸರಿ. ಆದರೆ ಹೊಸ ದಾರಿಯಾದರೆ ಬಯಲಿನ ನಡುವಣ ಹಳೆಯ ಕಾಲುವೆಗಳು ಮುಚ್ಚಿ ಹಕ್ಕಿಗಳಿಗೆ ನೆಮ್ಮದಿಯಾಗುವುದರಿಂದ ಅದನ್ನೂ ಒಪ್ಪಬಹುದು ಎಂದಿತು. ನಮ್ಮ ಹಳೆಯ ಪಂಚಾಯಿತಿಯ ಹಿರಿಯರು ಕೂಡ ಇದಕ್ಕಿಂತ ಚೆನ್ನಾಗಿ ಪಾಲು ಹಂಚುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ಅದೇ ವರ್ಷ ಕೆಲಸ ಮುಗಿಯಿತು. ಊರಿನ ಬಂದರಿನಲ್ಲಿ ಈಗ ಉಬ್ಬರವಿಳಿತವಿಲ್ಲ. ದೋಣಿಗಳು ಸದಾ ಒಂದೇ ಮಟ್ಟದಲ್ಲಿ ತೇಲುತ್ತವೆ.

ಊರನ್ನು ಸುತ್ತಲು ಒಂದು ಗಂಟೆ ಸಾಕು. ಕೆಂಪು ಇಟ್ಟಿಗೆಯ ಹಳೆಯ ಮನೆಗಳು. ಊರ ಬಾಗಿಲಿನಂತೆ ನಿಂತ ಜೋಡಿ ಗಾಳಿಗಿರಣಿಗಳು. ಇವು ನೀರೆತ್ತುವ ಯಂತ್ರಗಳಲ್ಲ, ಹಿಟ್ಟು ಬೀಸಿದವು. 2013ರ ಅಕ್ಟೋಬರಿನ ಬಿರುಗಾಳಿ ಒಂದರ ತಲೆಯನ್ನೂ ರೆಕ್ಕೆಗಳನ್ನೂ ಕೆಡವಿತು, ಆಮೇಲೆ ಸರಿಪಡಿಸಿದರು. ಗ್ರೋನಿಂಗನ್ ವಿಶ್ವವಿದ್ಯಾನಿಲಯದ ಮೊದಲ ಮುಖ್ಯಸ್ಥನೂ ಫ್ರೀಸ್ ಜನರ ಇತಿಹಾಸಕಾರನೂ ಆದ ಉಬ್ಬೋ ಎಮ್ಮಿಯಸ್ 1547ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ.

ಚಹಾ ಕುಡಿಯದೆ ಹೊರಡಬೇಡಿ. ಕಾಫಿಯ ದೇಶದ ನಡುವೆ ಇದೊಂದು ಚಹಾದ ಸೀಮೆ. ಅವರ ಮಿಶ್ರಣದಲ್ಲಿ ಮುಖ್ಯವಾದುದು ನಮ್ಮ ಅಸ್ಸಾಮಿನ ಎಲೆ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆಯ ಹರಳು, ಅದರ ಮೇಲೆ ಬಿಸಿ ಚಹಾ. ಹರಳು ಚಿಟಚಿಟನೆ ಬಿರಿಯುವ ಸದ್ದನ್ನು ಆಲಿಸಬೇಕು (ಕಿವಿಯಿಂದಲೇ ಅರ್ಧ ಬಾಳುವ ನಮ್ಮ ಓದುಗರಿಗೆ ಇದು ಹಿಡಿಸೀತು). ಮೇಲೆ ಕೆನೆ. ಕದಡಬಾರದು. ಮೊದಲು ಕೆನೆ, ಆಮೇಲೆ ಕಹಿ, ತಳದಲ್ಲಿ ಸಿಹಿ. ಮೂರು ಬಟ್ಟಲು ವಾಡಿಕೆ. ಸಾಕೆನ್ನುವುದಕ್ಕೆ ಚಮಚವನ್ನು ಬಟ್ಟಲಿನಲ್ಲಿ ಇಡಬೇಕು, ಇಲ್ಲವಾದರೆ ಸುರಿಯುತ್ತಲೇ ಇರುತ್ತಾರೆ.

ಬಂದರಿನಲ್ಲಿ ಎರಡು ಡಜನಿನಷ್ಟು ದೋಣಿಗಳಿರುತ್ತವೆ. ಇವು ಹಿಡಿಯುವುದು ಬೆರಳುದ್ದದ ಕಂದು ಸೀಗಡಿಯನ್ನು. ದೋಣಿಯ ಎರಡು ಪಕ್ಕಕ್ಕೂ ಚಾಚಿದ ತೋಳುಗಳಿಂದ ಬಲೆಗಳು ಇಳಿದು ಕಡಲ ತಳದ ಮೇಲೆ ಉರುಳುತ್ತ ಸಾಗುತ್ತವೆ. ಸೀಗಡಿಯನ್ನು ದೋಣಿಯಲ್ಲಿಯೇ ಕಡಲ ನೀರಿನಲ್ಲಿ ಬೇಯಿಸುತ್ತಾರೆ. ಹಿಂದೆ ಹಳ್ಳಿಯ ಹೆಂಗಸರು ಮನೆಯಲ್ಲಿ ಕುಳಿತು ಸಿಪ್ಪೆ ಸುಲಿಯುತ್ತಿದ್ದರು. ಈಗ ಹೆಚ್ಚಿನ ಪಾಲು ಕೂಲಿ ಅಗ್ಗವೆಂದು ಮೊರಾಕ್ಕೋ ದೇಶದವರೆಗೆ ಹೋಗಿ, ಸುಲಿಸಿಕೊಂಡು ಹಿಂದಿರುಗುತ್ತದೆ. ಇದು ನನಗೆ ಸರಿಕಾಣದು. 2023ರ ಫೆಬ್ರವರಿಯಲ್ಲಿ ಯುರೋಪಿಯನ್ ಕಮಿಷನ್, ರಕ್ಷಿತ ಕಡಲ ಪ್ರದೇಶಗಳಲ್ಲಿ ತಳ ಉಜ್ಜುವ ಬಲೆಗಳನ್ನು 2030ರೊಳಗೆ ನಿಲ್ಲಿಸಬೇಕೆಂಬ ಕಾರ್ಯಯೋಜನೆಯನ್ನು ಮುಂದಿಟ್ಟಿತು. ಇವರು ಬಲೆ ಬೀಸುವ ಕಡಲಿನ ದೊಡ್ಡ ಭಾಗ ರಕ್ಷಿತ ಪ್ರದೇಶವೇ. ಕರಾವಳಿಯ ಬೆಸ್ತರೆಲ್ಲ ಪ್ರತಿಭಟಿಸಿದರು. ಏರಿಯ ಮೂಗು ಉಳಿಸಿಕೊಟ್ಟ ದಾರಿಯಲ್ಲಿ ದೋಣಿಗಳು ಸದ್ಯಕ್ಕೆ ಓಡಾಡುತ್ತಿವೆ.

ನೀವು ಮೀನು ತಿನ್ನುವವರಾದರೆ ಸಿಪ್ಪೆಸಹಿತವಾದ ಸೀಗಡಿಯನ್ನೇ ಕೊಳ್ಳಿ. ಒಂದು ಕೈಯಲ್ಲಿ ತಲೆ, ಇನ್ನೊಂದರಲ್ಲಿ ಬಾಲ ಹಿಡಿದು, ನಡುವಿನಲ್ಲಿ ಮೆಲ್ಲಗೆ ತಿರುಚಿ, ಬಾಲದ ಸಿಪ್ಪೆಯನ್ನು ಎಳೆಯಬೇಕು. ಮೊದಲ ಹತ್ತು ಹಾಳಾಗುತ್ತವೆ. ಆಮೇಲೆ ಕೈ ಕುದುರುತ್ತದೆ.