ಮೊದಲ ರಾತ್ರಿ ಎಲ್ಲಿ ಮಲಗುತ್ತೀರಿ?

ಪೆರು ದೇಶದಲ್ಲಿ ಜುಲೈ 28 ಮತ್ತು 29 ರಾಷ್ಟ್ರೀಯ ರಜೆ. 1821ರ ಜುಲೈ 28ರಂದು ಲಿಮಾದಲ್ಲಿ ಹೋಸೆ ದೆ ಸಾನ್ ಮಾರ್ಟಿನ್ ಸ್ವಾತಂತ್ರ್ಯ ಘೋಷಿಸಿದ್ದರ ನೆನಪಿಗೆ ನಡೆಯುವ ಈ ಹಬ್ಬವನ್ನು ‘ಫಿಯೆಸ್ತಾಸ್ ಪಾತ್ರಿಯಾಸ್’ ಎನ್ನುತ್ತಾರೆ. ಹಿಂದೆಯೋ ಮುಂದೆಯೋ ಶನಿವಾರ, ಭಾನುವಾರ ಕೂಡಿಬಂದರೆ ನಾಲ್ಕೈದು ದಿನ ಬಿಡುವು ಸಿಗುತ್ತದೆ. ಆಗ ಕಡಲತೀರದ ಲಿಮಾದಲ್ಲಿ ಬಿಸಿಲೇ ಕಾಣದ ಬೂದು ಮೋಡದ ಚಳಿಗಾಲ. ಆಂಡೀಸ್ ಪರ್ವತಗಳ ಮೇಲೆ ಮಾತ್ರ ಮಳೆಯಿಲ್ಲದ ನಿಚ್ಚಳ ಆಕಾಶ. ಜನ ಬೆಟ್ಟದ ಕಡೆ ಹೊರಡದೆ ಇನ್ನೇನು ಮಾಡಿಯಾರು? ನಮ್ಮವರು ಮಾಚು ಪಿಚುವಿಗೆ ಹೊರಟಾಗಲೂ ಹೆಚ್ಚಿನವರು ಹಿಡಿಯುವುದು ಇದೇ ದಾರಿ: ಲಿಮಾದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಕುಸ್ಕೊಗೆ.

ಆ ಎರಡನೇ ವಿಮಾನ ಹಾರುವುದು ಸುಮಾರು ಒಂದೂಕಾಲು ಗಂಟೆ. ಇಳಿಸುವುದು ಸಮುದ್ರಮಟ್ಟದಿಂದ 3,310 ಮೀಟರ್ ಎತ್ತರದಲ್ಲಿ. ಕರ್ನಾಟಕದ ನೆತ್ತಿ ಎನಿಸಿದ ಮುಳ್ಳಯ್ಯನಗಿರಿಯೇ 1,930 ಮೀಟರ್ ಎಂಬುದನ್ನು ನೆನೆದರೆ ಈ ಜಿಗಿತದ ಅಂದಾಜು ಸಿಕ್ಕೀತು. ಪ್ರವಾಸದ ಯೋಜನೆ ಹಾಕುವಾಗ ನಾವು ನೋಡುವುದು ದೂರ, ದರ, ಹೋಟೆಲಿನ ಫೋಟೊ. ಎತ್ತರ ಯಾರ ಲೆಕ್ಕಕ್ಕೂ ಬರುವುದಿಲ್ಲ. ನಾಲ್ಕು ದಿನದ ಆಂಡೀಸ್ ಪ್ರವಾಸ ಸುಖವಾಗಿ ಮುಗಿಯುವುದೋ ಕೆಡುವುದೋ ಎಂಬುದು ಬಹುಪಾಲು ತೀರ್ಮಾನವಾಗುವುದು ಮೊದಲ ರಾತ್ರಿ ಯಾವ ಎತ್ತರದಲ್ಲಿ ಮಲಗುತ್ತೀರಿ ಎಂಬುದರ ಮೇಲೆ.

ಬೆಟ್ಟದ ಮೇಲೆ ಆಮ್ಲಜನಕ ಕಡಿಮೆ ಎನ್ನುತ್ತೇವೆ. ಗಾಳಿಯಲ್ಲಿ ಅದರ ಪಾಲು ಅಲ್ಲೂ ಶೇ. 21ರಷ್ಟೇ ಇರುತ್ತದೆ; ಕುಗ್ಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಕುಸ್ಕೊದಲ್ಲಿ ಹತ್ತಿರಹತ್ತಿರ 510ಕ್ಕೆ ಇಳಿಯುತ್ತದೆ. ಎಳೆದುಕೊಂಡ ಉಸಿರು ಶ್ವಾಸನಾಳದಲ್ಲೇ ತೇವಗೊಳ್ಳುತ್ತದೆ. ಆ ನೀರಾವಿ ಎತ್ತರ ಎಷ್ಟೇ ಇರಲಿ, 47 ಮಿಲಿಮೀಟರ್ ಒತ್ತಡವನ್ನು ತನ್ನ ಪಾಲೆಂದು ತೆಗೆದುಕೊಂಡುಬಿಡುತ್ತದೆ. ಅದನ್ನು ಕಳೆದು ಲೆಕ್ಕ ಹಾಕಿದರೆ ಆಮ್ಲಜನಕದ ಒತ್ತಡ ಲಿಮಾದಲ್ಲಿ 149, ಕುಸ್ಕೊದಲ್ಲಿ ಸುಮಾರು 97. ಅಂದರೆ ಮೂರರಲ್ಲಿ ಎರಡು ಪಾಲು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರನ್ನು ಅಲ್ಲಿ ಬೆರಳಿಗೆ ಸಿಕ್ಕಿಸಿದರೆ 90ರ ಆಸುಪಾಸು ತೋರಿಸುತ್ತದೆ. ಊರಿನಲ್ಲಾದರೆ ಆಸ್ಪತ್ರೆಗೆ ಓಡಬೇಕಾದ ಅಂಕಿ. ಹೊಸದಾಗಿ ಬಂದವರಿಗೆ ಅಲ್ಲಿ ಅದು ಮಾಮೂಲು.

ದೇಹ ಸುಮ್ಮನೆ ಕೂರುವುದಿಲ್ಲ. ಕೊರಳಿನ ರಕ್ತನಾಳದ ಕವಲಿನಲ್ಲಿರುವ ಪುಟ್ಟ ಸಂವೇದಕಗಳು ಕೊರತೆಯನ್ನು ಕ್ಷಣದಲ್ಲಿ ಗುರುತಿಸಿ ಉಸಿರಾಟವನ್ನು ಜೋರು ಮಾಡುತ್ತವೆ. ತೊಡಕು ಶುರುವಾಗುವುದು ಇಲ್ಲೇ. ಜೋರು ಉಸಿರಿನೊಂದಿಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಭಾಗಕ್ಕೆ ಅದು ಹಿಡಿಸದು. ಕೊರಳು ಗಾಡಿ ಓಡಿಸು ಎನ್ನುತ್ತದೆ, ಮಿದುಳು ಬ್ರೇಕ್ ಒತ್ತುತ್ತದೆ. ಹಗಲಲ್ಲಿ ಈ ಜಗಳ ನಮ್ಮ ಗಮನಕ್ಕೆ ಬರುವುದಿಲ್ಲ. ರಾತ್ರಿ ಪಕ್ಕದ ಹಾಸಿಗೆಯವರಿಗೆ ಗೊತ್ತಾಗುತ್ತದೆ: ಮಲಗಿದವರ ಉಸಿರು ಏರುತ್ತದೆ, ಇಳಿಯುತ್ತದೆ, ಹತ್ತು ಸೆಕೆಂಡಿಗೂ ಮಿಕ್ಕಿ ನಿಂತೇಬಿಡುತ್ತದೆ, ಆಮೇಲೆ ದೊಡ್ಡದೊಂದು ಏದುಸಿರಿನೊಂದಿಗೆ ಅವರು ಗಡಬಡಿಸಿ ಏಳುತ್ತಾರೆ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಇದು ಆ ಎತ್ತರದಲ್ಲಿ ತೀರಾ ಸಾಮಾನ್ಯ.

ಜಗಳ ಬಿಡಿಸುವುದು ಮೂತ್ರಪಿಂಡ. ಹೆಚ್ಚುವರಿ ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಹದಕ್ಕೆ ತರುತ್ತದೆ. ಅದಕ್ಕೆ ಬೇಕಾಗುವ ಕಾಲ ಎರಡು–ಮೂರು ದಿನ. ನಮ್ಮ ರಜೆಯ ಲೆಕ್ಕದಲ್ಲಿ ಇದು ದುಬಾರಿ. ಬೆಟ್ಟಕ್ಕೆ ಹೋದರೆ ಕೆಂಪು ರಕ್ತಕಣ ಹೆಚ್ಚಾಗಿ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೊಂದಿದೆ. ಹೊಸ ಕಣಗಳು ಲೆಕ್ಕಕ್ಕೆ ಸಿಗುವಷ್ಟು ತಯಾರಾಗಲು ವಾರಗಳೇ ಬೇಕು. ಅಷ್ಟರಲ್ಲಿ ನೀವು ಊರಿಗೆ ಮರಳಿ ಕೆಲಸಕ್ಕೆ ಹಾಜರಾಗಿರುತ್ತೀರಿ.

ದೇಹ ಹೀಗೆ ಎತ್ತರಕ್ಕೆ ಹೊಂದಿಕೊಳ್ಳುವ ಮೊದಲೇ ಬರುವ ಕಾಯಿಲೆಯನ್ನು ಆಂಡೀಸ್ ಜನ ‘ಸೊರೊಚೆ’ ಎಂದು ಕರೆಯುತ್ತಾರೆ. ಅದರ ಸುದ್ದಿ ಹಳೆಯದು. ಪರಿಯಕಾಕಾ ಪರ್ವತವನ್ನು ದಾಟುವಾಗ ವಾಂತಿ ಮಾಡಿಕೊಂಡು ಬಸವಳಿದ ಹೋಸೆ ದೆ ಅಕೋಸ್ತಾ ಎಂಬ ಜೆಸ್ಯೂಟ್ ಪಾದ್ರಿ, ಅಲ್ಲಿನ ಗಾಳಿ ಮನುಷ್ಯರ ಉಸಿರಿಗೆ ಒಗ್ಗದಷ್ಟು ತೆಳು ಎಂದು 1590ರಲ್ಲೇ ಬರೆದ. ಗಾಳಿಗೆ ಒತ್ತಡವೊಂದಿದೆ ಎಂದು ತೋರಿಸಿದ ಟೊರಿಚೆಲ್ಲಿ ಆಗಿನ್ನೂ ಹುಟ್ಟಿರಲಿಲ್ಲ! 1835ರಲ್ಲಿ ಚಿಲಿಯ ಕಣಿವೆಮಾರ್ಗ ಹತ್ತುತ್ತಿದ್ದ ಡಾರ್ವಿನ್‌ಗೆ ಸ್ಥಳೀಯರು ಈರುಳ್ಳಿ ತಿನ್ನಲು ಹೇಳಿದ್ದರು. ತುದಿಯಲ್ಲಿ ಚಿಪ್ಪಿನ ಪಳೆಯುಳಿಕೆ ಕಂಡ ಖುಷಿಯಲ್ಲಿ ತನಗೆ ಉಸಿರಿನ ಕಷ್ಟವೇ ಮರೆತುಹೋಯಿತು ಎಂದು ಆತ ದಾಖಲಿಸಿದ್ದಾನೆ. ಆ ಔಷಧ ಎಲ್ಲರಿಗೂ ಸಿಗುವಂಥದ್ದಲ್ಲ.

ನನ್ನ ಮಟ್ಟಿಗೆ ಇವರೆಲ್ಲರಿಗಿಂತ ದೊಡ್ಡವನು ಥಾಮಸ್ ರಾವೆನ್‌ಹಿಲ್. ಉತ್ತರ ಚಿಲಿಯ ಎತ್ತರದ ಗಣಿಗಳಲ್ಲಿ ವೈದ್ಯನಾಗಿದ್ದವನು. ಗಣಿಗೆ ಬರುವವರನ್ನು ರೈಲು ಕಡಲತೀರದಿಂದ ನೇರ ಮೇಲಕ್ಕೆ ತಂದು ಬಿಡುತ್ತಿತ್ತು. ನಡೆದ ದಣಿವು, ಹಸಿವು, ಹಿಮದ ಹೊಡೆತ ಯಾವುದೂ ಸೇರದ, ಎತ್ತರವೊಂದರಿಂದಲೇ ಬಂದ ಕಾಯಿಲೆ ಅವನ ಕಣ್ಣೆದುರಿಗಿತ್ತು. 1913ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ಮೂರು ಬಗೆಯನ್ನು ಬೇರ್ಪಡಿಸಿದ: ತಲೆನೋವು, ವಾಕರಿಕೆಯ ಸಾಮಾನ್ಯ ರೂಪ, ಎದೆಗೆ ಸಂಬಂಧಿಸಿದ್ದು, ನರಕ್ಕೆ ಸಂಬಂಧಿಸಿದ್ದು. ಕೊನೆಯ ಎರಡು ಪ್ರಾಣಾಂತಿಕ. ಇಂದಿನ ವೈದ್ಯರು ಹೇಳುವ ಶ್ವಾಸಕೋಶದ ಊತ, ಮಿದುಳಿನ ಊತ ಇವೇ. ಆ ಲೇಖನವನ್ನು ದಶಕಗಟ್ಟಲೆ ಯಾರೂ ತಿರುಗಿ ನೋಡಲಿಲ್ಲ.

ಸಾಮಾನ್ಯ ರೂಪದ ಗುಣವೊಂದನ್ನು ಪ್ರವಾಸಿಗರು ತಿಳಿದಿರಲೇಬೇಕು: ಅದು ತಡವಾಗಿ ಬರುತ್ತದೆ. ಕುಸ್ಕೊದಲ್ಲಿ ಬೆಳಗ್ಗೆ ಇಳಿದವರು ಮಧ್ಯಾಹ್ನ ಲವಲವಿಕೆಯಿಂದಲೇ ಇರುತ್ತಾರೆ. ನಮಗೇನೂ ಆಗಿಲ್ಲ ಎಂದುಕೊಂಡು 3,700 ಮೀಟರಿನ ಸಕ್ಸಾಯ್‌ವಾಮನ್ ಕೋಟೆ ಹತ್ತುತ್ತಾರೆ, ಸಂಜೆ ಬಿಯರ್ ಹೀರುತ್ತಾರೆ. ಬಂದಿಳಿದ ಆರರಿಂದ ಹನ್ನೆರಡು ಗಂಟೆಯ ಮೇಲೆ ತಲೆ ಸಿಡಿಯತೊಡಗುತ್ತದೆ. ಮೊದಲ ರಾತ್ರಿ ಕಳೆದ ಬೆಳಗ್ಗೆ ಪರಿಸ್ಥಿತಿ ಅತಿ ಕೆಟ್ಟದಾಗಿರುತ್ತದೆ. ದಿನವೂ ಜಿಮ್‌ಗೆ ಹೋಗುವವರಿಗೂ, ಮ್ಯಾರಥಾನ್ ಓಡುವವರಿಗೂ ವಿನಾಯಿತಿಯಿಲ್ಲ.

ಹಾಗಾದರೆ ಯೋಜನೆ ಹೇಗಿರಬೇಕು? ಕುಸ್ಕೊದಲ್ಲಿ ಇಳಿದವರು ಕುಸ್ಕೊದಲ್ಲಿ ನಿಲ್ಲಬಾರದು. ಸಾಮಾನು ಹಿಡಿದು ಹೊರಬಂದ ಕೂಡಲೇ ಟ್ಯಾಕ್ಸಿ ಹತ್ತಿ ಉರುಬಂಬಾ ಕಣಿವೆಗೆ ಇಳಿಯಬೇಕು. ದಾರಿ ಮಧ್ಯೆ 3,760 ಮೀಟರಿನ ಚಿಂಚೇರೊ ಸಿಗುತ್ತದೆ; ಸ್ವಲ್ಪ ಹೊತ್ತು ಹಾದುಹೋಗುವುದರಿಂದ ತೊಂದರೆಯಿಲ್ಲ, ದೇಹ ಲೆಕ್ಕವಿಡುವುದು ಮಲಗುವ ಎತ್ತರವನ್ನು. ಉರುಬಂಬಾ ಊರು 2,870 ಮೀಟರ್, ಒಯಾಂತಾಯ್‌ತಾಂಬೊ 2,790. ಕುಸ್ಕೊಗಿಂತ ಅರ್ಧ ಕಿಲೋಮೀಟರ್ ತಗ್ಗಿನಲ್ಲಿ ಮೊದಲ ರಾತ್ರಿ. ಮರುದಿನ ಅಲ್ಲಿಂದಲೇ ರೈಲು. ಮಾಚು ಪಿಚು ಎಂದರೆ ಮೋಡದ ಮೇಲಿನ ತುತ್ತತುದಿ ಎಂದು ಫೋಟೊ ನೋಡಿದ ಎಲ್ಲರೂ ಎಣಿಸುತ್ತಾರೆ. ಅದರ ಎತ್ತರ 2,430 ಮೀಟರ್, ಕುಸ್ಕೊಗಿಂತ ಸುಮಾರು ಒಂದು ಕಿಲೋಮೀಟರ್ ಕೆಳಗೆ. ಬುಡದ ಊರಂತೂ ಬರೀ 2,040. ಕಡೆಯ ಒಂದೆರಡು ರಾತ್ರಿಗೆ ಕುಸ್ಕೊಗೆ ಹತ್ತಿದರೆ ಮೂತ್ರಪಿಂಡ ಅಷ್ಟರಲ್ಲಿ ತನ್ನ ಕೆಲಸದ ಮುಕ್ಕಾಲು ಪಾಲನ್ನು ಮುಗಿಸಿರುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬ ಪರ್ವತ ವೈದ್ಯರ ಸೂತ್ರಕ್ಕೂ ಇದು ಹೊಂದುತ್ತದೆ. ರಜೆಯ ದಿನಗಳಲ್ಲಿ ರೈಲು, ಮಾಚು ಪಿಚು ಪ್ರವೇಶ ಎರಡಕ್ಕೂ ನೂಕುನುಗ್ಗಲು. ಟಿಕೆಟಿನಲ್ಲಿ ಒಳಹೋಗುವ ಗಂಟೆಯೂ ಗೊತ್ತುಮಾಡಿರುತ್ತದೆ. ಮುಂಚೆಯೇ ಕಾದಿರಿಸಿ.

ಲೇಹ್‌ಗೆ ವಿಮಾನದಲ್ಲಿ ಹೋದ ಕನ್ನಡಿಗರಿಗೆ ಇದು ಹೊಸ ಮಾತಲ್ಲ. 3,500 ಮೀಟರಿನ ಆ ಊರಲ್ಲಿ ಇಳಿದವರು ಮೊದಲ ಎರಡು ದಿನ ಕೋಣೆಯಲ್ಲೇ ವಿಶ್ರಮಿಸಬೇಕಾಗುತ್ತದೆ. ಕುಸ್ಕೊದ ಅದೃಷ್ಟವೆಂದರೆ ಪಕ್ಕದಲ್ಲೇ ತಗ್ಗಿನ ಕಣಿವೆಯಿದೆ, ನೋಡುವ ಜಾಗಗಳೂ ಅಲ್ಲೇ ಇವೆ. ಅದನ್ನು ಬಿಟ್ಟು ಮೂರನೇ ದಿನಕ್ಕೇ ವಿನಿಕುಂಕಾ ಎಂಬ ಬಣ್ಣದ ಬೆಟ್ಟಕ್ಕೆ ಓಡುವವರನ್ನು ಕಂಡರೆ ನನಗೆ ಅಚ್ಚರಿ. ನಸುಕಿನಲ್ಲಿ ವ್ಯಾನ್ ಹತ್ತಿಸಿ ಮಧ್ಯಾಹ್ನದೊಳಗೆ 5,000 ಮೀಟರ್ ದಾಟಿಸುತ್ತಾರೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ವಾರಗಟ್ಟಲೆ ಇರುವವರು ಹೋಗಲಿ. ನಾಲ್ಕು ದಿನದವರು ಕೈಬಿಡುವುದೇ ಲೇಸು.

ಅಲ್ಲೇ ಹುಟ್ಟಿ ಬೆಳೆದವರ ಕಥೆ ಬೇರೆ. ಕೇಂಬ್ರಿಜ್‌ನ ವಿಜ್ಞಾನಿ ಜೋಸೆಫ್ ಬಾರ್ಕ್ರಾಫ್ಟ್ 1920ರಲ್ಲಿ ಗಾಜಿನ ಕೋಣೆಯೊಳಗೆ ಆರು ದಿನ ತೆಳುಗಾಳಿಯಲ್ಲಿ ಕುಳಿತು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡವನು. ಮುಂದಿನ ವರ್ಷಾಂತ್ಯಕ್ಕೆ ಪೆರುವಿನ ಸೆರೊ ದೆ ಪಾಸ್ಕೊ ಗಣಿ ಊರಿಗೆ ತಂಡ ಕಟ್ಟಿಕೊಂಡು ಬಂದ. ಮರಳಿದ ಮೇಲೆ, ಎತ್ತರದ ನಿವಾಸಿಗಳು ದೇಹದಲ್ಲೂ ಬುದ್ಧಿಯಲ್ಲೂ ಕುಂದಿದವರು ಎಂಬ ಅರ್ಥದ ಮಾತು ಬರೆದ. ಸಮುದ್ರಮಟ್ಟದಿಂದ ಬಂದು ಸುಸ್ತಾದವನು ಗಣಿಯೊಳಗೆ ಹೊರೆ ಹೊರುವವರ ಬಗ್ಗೆ ಕೊಟ್ಟ ತೀರ್ಪು! ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ ಇದಕ್ಕೆ ಉತ್ತರವಾಗಿ ಅಧ್ಯಯನ ಪರಂಪರೆಯನ್ನೇ ಕಟ್ಟಿದರು. ಆಂಡೀಸ್ ಜನರ ದೊಡ್ಡ ಎದೆಗೂಡು, ಹೆಚ್ಚಿನ ಹಿಮೋಗ್ಲೋಬಿನ್ ಕುಂದಲ್ಲ, ಹೊಂದಾಣಿಕೆ ಎಂದರು. ಕೆಲವರಲ್ಲಿ ಈ ಹೊಂದಾಣಿಕೆಯೇ ಮಿತಿಮೀರಿ ರಕ್ತ ಮಂದವಾಗುವುದನ್ನೂ ಅವರೇ ಗುರುತಿಸಿದರು. ಅದು ಇಂದಿಗೂ ‘ಮೊಂಗೆ ಕಾಯಿಲೆ’. ಟಿಬೆಟಿನವರ ದಾರಿ ಬೇರೆ: ಅವರ ಹಿಮೋಗ್ಲೋಬಿನ್ ಅಷ್ಟು ಏರುವುದೇ ಇಲ್ಲ. ಒಂದೇ ಸಮಸ್ಯೆಗೆ ಎರಡು ಖಂಡಗಳಲ್ಲಿ ಎರಡು ಉತ್ತರ.

ಚಳಿಯನ್ನೂ ಆಂಡೀಸ್ ಜನ ಕೆಲಸಕ್ಕೆ ಹಚ್ಚಿದ್ದಾರೆ. ಜೂನ್–ಜುಲೈನಲ್ಲಿ ಕುಸ್ಕೊದ ಹಗಲು 20 ಡಿಗ್ರಿ, ಇರುಳು ಸೊನ್ನೆಯ ಹತ್ತಿರ. ಇನ್ನೂ ಮೇಲಿನ ಬಯಲಲ್ಲಿ ಹೆಪ್ಪುಗಟ್ಟುವ ಚಳಿ. ನಮ್ಮ ಹಾಸನದ ಹೊಲಕ್ಕೂ ಬಂದಿರುವ ಆಲೂಗಡ್ಡೆಯ ತವರು ಇದೇ ಸೀಮೆ. ಸಣ್ಣ ಗೆಡ್ಡೆಗಳನ್ನು ಒಣಹುಲ್ಲಿನ ನೆಲದ ಮೇಲೆ ಹರವಿ ಬಿಡುತ್ತಾರೆ. ರಾತ್ರಿ ಕಲ್ಲಾದ ಗೆಡ್ಡೆ ಹಗಲಿನ ಬಿಸಿಲಿಗೆ ಮೆತ್ತಗಾಗುತ್ತದೆ. ಹಾಗೆ ಕೆಲವು ಸುತ್ತು ಆದ ಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಾರೆ. ಸಿಪ್ಪೆ ಸುಲಿದು ಹೋಗುತ್ತದೆ, ಕಹಿ ತಳಿಗಳ ವಿಷದ ಅಂಶವೂ ಇಳಿಯುತ್ತದೆ. ಒಣಗಿದ ಮೇಲೆ ಅದು ‘ಚುನ್ಯೊ’: ಬೆಣಚುಕಲ್ಲಿನಷ್ಟು ಗಟ್ಟಿ, ಹಗುರ, ವರ್ಷಗಟ್ಟಲೆ ಕೆಡದು. ಸೂಪಿನಲ್ಲಿ ಬಂದರೆ ಬಿಡದೆ ತಿನ್ನಿ. ಬೇಯಲು ತಡವಾಗುತ್ತದೆ ಎಂದು ಗೊಣಗಬೇಡಿ. ಅಲ್ಲಿ ನೀರು ಕುದಿಯುವುದೇ 89 ಡಿಗ್ರಿಯ ಆಸುಪಾಸಿನಲ್ಲಿ. ಚಳಿಯಿದೆಯಲ್ಲ ಎಂದು ಬಿಸಿಲನ್ನು ಕಡೆಗಣಿಸುವುದೂ ತಪ್ಪು. ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಶೇ. 10ರಷ್ಟು ಏರುತ್ತದೆ.

ಔಷಧದ ವಿಷಯ. ಅಸೆಟಜೋಲಮೈಡ್ ಮಾತ್ರೆ ಮೂತ್ರಪಿಂಡ ನಿಧಾನವಾಗಿ ಮಾಡುವ ಕೆಲಸವನ್ನೇ ಬೇಗ ಮಾಡಿಸುತ್ತದೆ. ಸಾಮಾನ್ಯವಾಗಿ ಹಿಂದಿನ ದಿನದಿಂದಲೇ 125 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದವರು, ಬಸುರಿಯರು, ಬೇರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹೋಟೆಲುಗಳಲ್ಲಿ ಕೊಡುವ ಕೋಕಾ ಎಲೆಯ ಬಿಸಿ ಕಷಾಯ ಹಿತವಾಗಿರುತ್ತದೆ, ಕಾಯಿಲೆ ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಅದರ ಪೊಟ್ಟಣವನ್ನು ಮಾತ್ರ ಬೆಂಗಳೂರಿಗೆ ತರಬೇಡಿ. 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ನಮ್ಮಲ್ಲಿ ಕೋಕಾ ಎಲೆ ನಿಷಿದ್ಧ.

ಇಷ್ಟೆಲ್ಲ ಮಾಡಿಯೂ ತಲೆ ನೋಯಬಹುದು. ಅದೇ ಎತ್ತರದಲ್ಲಿ ಸುಮ್ಮನಿದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ನೋವಿರುವಾಗ ಇನ್ನೂ ಮೇಲಕ್ಕೆ ಹೋಗಬೇಡಿ. ಜೊತೆಯವರು ನೆಟ್ಟಗೆ ನಡೆಯಲಾಗದೆ ತೂರಾಡಿದರೆ, ಮಾತು ತಡವರಿಸಿದರೆ, ಕುಳಿತಲ್ಲೇ ಏದುಸಿರು ಬಿಡುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಕಾದಿರಿಸಿದ ಟಿಕೆಟಿನ ಮುಖ ನೋಡಬೇಡಿ. ಆಮ್ಲಜನಕ ಕೊಡಿಸಿ, ಆ ರಾತ್ರಿಯೇ ಕೆಳಗೆ ಕರೆದೊಯ್ಯಿರಿ.